ಸಾಯುವಾಗಿನ ಅಳತೆ

ಬೆಳಗ್ಗೆ ಎದ್ದ ಕೂಡಲೇ ಜನ ಕನ್ನಡಿ ನೋಡಿಕೊಳ್ಳುತ್ತಾರೆ, ಇಲ್ಲವೇ ಹೆಂಡತಿಯ ಮುಖವನ್ನಾದರೂ ನೋಡುತ್ತಾರೆ. ನಮ್ಮವರು ತಮ್ಮ ಕಾಲಿನ ಹರಡು ನೋಡಿಕೊಳ್ಳುತ್ತಾರೆ. ಮಂಚದ ಅಂಚಿಗೆ ಕೂತು, ದಿಂಬಿನಡಿಯಿಂದ ಟೇಪು ತೆಗೆದು, ಮೊದಲು ಬಲಗಾಲು, ಆಮೇಲೆ ಎಡಗಾಲು, ಕೊನೆಗೆ ಉಸಿರು ಬಿಗಿಹಿಡಿದು ಸೊಂಟ. ಗಿರಾಕಿಯ ಅಳತೆ ತೆಗೆಯುವಾಗ ಕೂಗುವ ಅದೇ ದನಿಯಲ್ಲಿ ಅಂಕಿ ಕೂಗುತ್ತಾರೆ. ಒಲೆಯ ಮುಂದಿರುವ ನಾನು ಅದನ್ನು ಕೇಳಿಸಿಕೊಂಡು 'ಹೂಂ' ಅನ್ನಬೇಕು. ಅನ್ನದಿದ್ದರೆ ಇನ್ನೊಮ್ಮೆ ಅಳೆಯುತ್ತಾರೆ, ಆಗ ಅಂಕಿ ಬೇರೆ ಬರುತ್ತದೆ, ಅಲ್ಲಿಗೆ ಆ ದಿನ ಕೆಟ್ಟಿತು.

ನಮ್ಮವರು ದರ್ಜಿ. ಬೀದಿಯವರು ಅವರ ಬೆನ್ನ ಹಿಂದೆ 'ಅರ್ಧಿಂಚು ಮಾಸ್ಟರ್' ಎನ್ನುತ್ತಾರೆ. ಅರ್ಧ ಇಂಚು ಹೆಚ್ಚುಕಮ್ಮಿಯಾದರೂ ಹೊಲಿದು ಮುಗಿಸಿದ ಪ್ಯಾಂಟನ್ನು ಬಿಚ್ಚಿ ಮತ್ತೆ ಹೊಲಿಯುವ ಮನುಷ್ಯ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಕತ್ತರಿ ಮತ್ತು ಯಂತ್ರ ಅವರದು. ಕಾಜಾ, ಗುಂಡಿ, ಅಂಚು ಮಡಚುವ ಕೈಹೊಲಿಗೆ ನನ್ನದು. ಮದುವೆಯಾದಾಗಿನಿಂದ ಹೀಗೇ ನಡೆದಿದೆ, ಜಗಳವೂ ಸೇರಿ.

ಕೆಲವು ವರ್ಷಗಳ ಹಿಂದೆ ಇವರಿಗೆ ಮಲಗಿದರೆ ಉಸಿರು ಕಟ್ಟತೊಡಗಿತು. ಪರೀಕ್ಷೆ ಮಾಡಿದ ಡಾಕ್ಟರಮ್ಮ, ಹೃದಯ ಹಿಗ್ಗಿದೆ, ರಕ್ತ ಒತ್ತಿ ಕಳಿಸುವ ಶಕ್ತಿ ಕಡಿಮೆಯಾಗಿದೆ ಎಂದರು. ಎಷ್ಟು ಇಂಚು ಹಿಗ್ಗಿದೆ ಎಂದು ಇವರು ಕೇಳಿದರು. ಇದು ಪೂರ್ತಿ ವಾಸಿಯಾಗುವ ಕಾಯಿಲೆ ಅಲ್ಲ, ಆದರೆ ಹಿಡಿತದಲ್ಲಿಟ್ಟುಕೊಂಡು ಬಹಳ ಕಾಲ ಬದುಕಬಹುದು ಎಂದು ಆಕೆ ಹೇಳಿದ್ದರಲ್ಲಿ ಇವರ ಕಿವಿಗೆ ಬಿದ್ದದ್ದು ಮೊದಲ ಅರ್ಧ ಮಾತ್ರ. ಉಪ್ಪು ಕಮ್ಮಿ, ನೀರು ಮಿತವಾಗಿ, ಮಾತ್ರೆ ಹೊತ್ತಿಗೆ ಸರಿಯಾಗಿ, ದಿನಾ ಬೆಳಗ್ಗೆ ತೂಕ ನೋಡಿಕೊಳ್ಳುವುದು, ಕಾಲು ಊದಿದರೆ ಬಂದು ತೋರಿಸುವುದು. ತೂಕದ ಯಂತ್ರ ತಂದೆವು. ಇವರು ಅದರ ಮೇಲೆ ಒಂದು ಸಲ ನಿಂತು, ಮುಳ್ಳು ಅತ್ತಿತ್ತ ಅಲುಗಾಡಿದ್ದನ್ನು ನೋಡಿ, ಇದಕ್ಕೇ ನೆಟ್ಟಗೆ ನಿಲ್ಲಲು ಬರುವುದಿಲ್ಲ, ನನ್ನನ್ನೇನು ಅಳೆಯುತ್ತದೆ ಎಂದು ಇಳಿದುಬಿಟ್ಟರು. ಈಗ ಅದರ ಮೇಲೆ ನೂಲಿನ ಡಬ್ಬ ಕೂತಿದೆ.

ಅಂದಿನಿಂದ ಇವರಿಗೆ ಕಂಡ ಹಗ್ಗವೆಲ್ಲ ಹಾವು. ಕೆಮ್ಮು ಬಂದರೆ ಮುಗಿಯಿತು, ಕೆಮ್ಮು ನಿಂತರೂ ಮುಗಿಯಿತು, ಕೆಮ್ಮಲೂ ಶಕ್ತಿಯಿಲ್ಲದ ಹಾಗಾಯಿತೆಂದು. ಮೆಟ್ಟಿಲು ಹತ್ತಿದರೆ ನನಗೂ ಏದುಸಿರು ಬರುತ್ತದೆ, ನನ್ನ ಹೃದಯ ಚೆನ್ನಾಗಿಯೇ ಇದೆಯಲ್ಲ ಎಂದರೆ, ನಿನಗಿನ್ನೂ ಗೊತ್ತಾಗಿಲ್ಲ ಅಷ್ಟೆ ಎಂದು ನನ್ನನ್ನೂ ಜೊತೆಗೆ ಸೇರಿಸಿಕೊಳ್ಳುತ್ತಾರೆ. ಯಾರೇ ಸತ್ತ ಸುದ್ದಿ ಬಂದರೂ ಮೊದಲು ಕೇಳುವುದು ಕಾಲು ಊದಿತ್ತಾ ಎಂದು. ಸತ್ತವನು ಲಾರಿಗೆ ಸಿಕ್ಕಿದ್ದರೂ ಅದೇ ಪ್ರಶ್ನೆ.

ಇಷ್ಟೇ ಆಗಿದ್ದರೆ ನಾನು ಹೇಗೋ ಸಹಿಸಿಕೊಳ್ಳುತ್ತಿದ್ದೆ. ವರ್ಷಕ್ಕೊಮ್ಮೆ ಹೃದಯದ ಸ್ಕ್ಯಾನ್ ಮಾಡಿಸಬೇಕು, ಈ ಸಲ ಅದರ ಹೊತ್ತು ಬಂದು ದಾಟಿಹೋದರೂ ಇವರು ಜಪ್ಪಯ್ಯ ಎನ್ನಲಿಲ್ಲ. ನೋಡದೇ ಇರುವ ತನಕ ನನ್ನ ಹತ್ತಿರ ಹೋದ ವರ್ಷದ ಹೃದಯವೇ ಇರುತ್ತದೆ, ನೋಡಿದ ಮರುಗಳಿಗೆ ಈ ವರ್ಷದ್ದಾಗುತ್ತದೆ ಎಂದು ಇವರ ವಾದ. ಮಾತ್ರೆ ತರಲು ಹೋದ ನನ್ನನ್ನು ಡಾಕ್ಟರಮ್ಮ ಕೂರಿಸಿಕೊಂಡು, ಔಷಧಿ ಬದಲಿಸಬೇಕಾಗಬಹುದು, ಸ್ಕ್ಯಾನ್ ನೋಡದೆ ಕತ್ತಲಲ್ಲಿ ಕಲ್ಲು ಹೊಡೆಯಲಾರೆ, ಹೀಗೇ ತಡಮಾಡಿದರೆ ಕೈಮೀರೀತು ಎಂದು ಎಚ್ಚರಿಸಿದರು. ಆವತ್ತು ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಏನು ಕಂಡಿತೋ ನೆನಪಿಲ್ಲ. ಹೇಗಾದರೂ ಮಾಡಿ ಈ ಮನುಷ್ಯನನ್ನು ಆ ಸ್ಕ್ಯಾನ್ ಕೋಣೆಯೊಳಗೆ ತಳ್ಳಬೇಕು, ನನಗೆ ಬೇಕಾಗಿದ್ದದ್ದು ಅದೊಂದೇ.

ಅಳುವುದಾಯಿತು, ಗದರುವುದಾಯಿತು, ಮಗಳಿಂದ ಫೋನು ಮಾಡಿಸುವುದಾಯಿತು. ಮಗಳ ಹತ್ತಿರ ಹೂಂ ಹೂಂ ಎಂದು ಫೋನಿಟ್ಟು, ಅವಳ ದನಿ ಯಾಕೋ ಇಳಿದಿದೆ, ಅವಳಿಗೂ ಹೃದಯ ಪರೀಕ್ಷೆ ಮಾಡಿಸಬೇಕು ಎಂದರು.

ಹೀಗಿರುವಾಗ ಒಂದು ಮಧ್ಯಾಹ್ನ ಅಂಗಡಿಯ ಕಪಾಟಿನ ಮೇಲಿನ ಗಂಟು ಇಳಿಸಿದರು. ಅದರೊಳಗೆ ಬೂದುಬಣ್ಣದ ಉಣ್ಣೆ ಬಟ್ಟೆ ಇತ್ತು. ಯಾವುದೋ ಕಾಲದಲ್ಲಿ, ಒಳ್ಳೆಯ ಸಂದರ್ಭಕ್ಕೆ ಆಗುತ್ತದೆಂದು ತೆಗೆದಿಟ್ಟಿದ್ದ ಬಟ್ಟೆ. ಮಗಳ ಮದುವೆಗೂ ಅದನ್ನು ಹೊರತೆಗೆದಿರಲಿಲ್ಲ. ಈಗ ಮೇಜಿನ ಮೇಲೆ ಹರಡಿ, ಅಂಗೈಯಲ್ಲಿ ಸವರಿ, ಸೂಟು ಹೊಲಿದುಕೊಳ್ಳುತ್ತೇನೆ ಎಂದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಬದುಕುವ ಆಸೆ ಬಂತಲ್ಲ ಎಂದುಕೊಂಡು, ಯಾವ ಸಮಾರಂಭಕ್ಕೆ ಎಂದು ಕೇಳಿದೆ.

"ನಂದೇ," ಎಂದರು. "ಕೊನೇದು."

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬ ಗಾದೆಯನ್ನು ನಾನು ಕೇಳಿದ್ದೆ. ಇವರು ಆ ಗಾದೆಯನ್ನು ಆಚೆ ತುದಿಯಿಂದ ಹಿಡಿದುಕೊಂಡಿದ್ದರು. ಬೈದೆ. ಆ ಹೊತ್ತಿನಲ್ಲಿ ಬಟ್ಟೆಯನ್ನು ಯಾರು ನೋಡುತ್ತಾರೆ, ಎಲ್ಲರೂ ಮುಖ ನೋಡುತ್ತಾರೆ ಎಂದೆ.

"ಬೇರೆಯೋರು ಸತ್ರೆ ಮುಖ ನೋಡ್ತಾರೆ ಕಣೇ. ದರ್ಜಿ ಸತ್ರೆ ಕಾಲರ್ ನೋಡ್ತಾರೆ."

ತಾವು ಹೊಲಿದುಕೊಳ್ಳದಿದ್ದರೆ ಗಡಿಬಿಡಿಯಲ್ಲಿ ನಾವು ಎದುರು ಅಂಗಡಿಯ ಮಾಸ್ಟರ್ ಹೊಲಿದ ಯಾವುದನ್ನಾದರೂ ತೊಡಿಸಿಬಿಡುತ್ತೇವೆ, ಅವನ ತೋಳಿನ ಸುಕ್ಕು ಹೊತ್ತುಕೊಂಡು ತಾವು ಹೋಗಬೇಕಾಗುತ್ತದೆ ಎಂಬುದು ಇವರ ನಿಜವಾದ ಸಂಕಟ. ನಾನೂ ಸಮಯ ನೋಡಿ ಮಾತು ಹಿಡಿದುಕೊಂಡೆ. ಸೂಟು ಮುಗಿದ ಮಾರನೆಯ ದಿನ ಸ್ಕ್ಯಾನ್‌ಗೆ ಬರಬೇಕು ಎಂದೆ. ಬರುತ್ತೇನೆ, ಆಮೇಲೆ ಎಲ್ಲಿಗೆ ಕರೆದರೂ ಬರುತ್ತೇನೆ ಎಂದು ಮಾತು ಕೊಟ್ಟರು. ಇವರು ಕೆಲಸದಲ್ಲಿ ಕೊಟ್ಟ ಮಾತು ತಪ್ಪಿದವರಲ್ಲ, ಶುಕ್ರವಾರ ಕೊಡುತ್ತೇನೆ ಎನ್ನುವ ಮಾತೊಂದನ್ನು ಬಿಟ್ಟು.

ಚಾಕ್ ಹಿಡಿದು ಬಟ್ಟೆಯ ಮುಂದೆ ನಿಂತವರು ಅಲ್ಲೇ ನಿಂತುಬಿಟ್ಟರು. ಯಾವ ಅಳತೆಗೆ ಕತ್ತರಿಸುವುದು? ಇವತ್ತಿನ ಅಳತೆ ಇವತ್ತಿಗೆ. ಸಾಯುವಾಗ ಮೈ ಎಷ್ಟಿರುತ್ತದೆ? ಅಳೆದೂ ಸುರಿದೂ ಎರಡು ದಿನ ಕಳೆದು, ಕೊನೆಗೆ ಡಾಕ್ಟರಮ್ಮನನ್ನೇ ಕೇಳುತ್ತೇನೆಂದು ತಾವಾಗಿ ಹೊರಟರು. ಅಷ್ಟು ದಿನ ಕಾಲು ಹಿಡಿದರೂ ಹೊರಡದ ಮನುಷ್ಯ. ನಾನು ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಓಡಿದೆ.

"ಡಾಕ್ಟ್ರೇ, ಈ ಕಾಯಿಲೆಯೋರು ಊದ್ಕೊಂಡು ಸಾಯ್ತಾರೋ, ಸಣಕಲಾಗಿ ಸಾಯ್ತಾರೋ?"

ಡಾಕ್ಟರಮ್ಮ ಬರೆಯುತ್ತಿದ್ದವರು ತಲೆಯೆತ್ತಿ ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿದ್ದ ಹೃದಯದ ಚಿತ್ರ ನೋಡಿದೆ. ಯಾಕೆ ಕೇಳುತ್ತಿದ್ದೀರಿ ಎಂದು ಆಕೆ ಮೆತ್ತಗೆ ವಿಚಾರಿಸಿದರು. ಬಹುಶಃ ಧೈರ್ಯ ತುಂಬುವ ನಾಲ್ಕು ಮಾತು ಸಿದ್ಧ ಮಾಡಿಕೊಳ್ಳುತ್ತಿದ್ದರು.

"ಬಟ್ಟೆ ಕತ್ತರಿಸ್ಬೇಕು."

ವಿಷಯ ತಿಳಿದ ಮೇಲೆ ಆ ಪುಣ್ಯಾತ್ಗಿತ್ತಿ ನಗಲಿಲ್ಲ. ಕೆಲವರಿಗೆ ನೀರು ತುಂಬುತ್ತದೆ, ಕೆಲವರು ಬತ್ತುತ್ತಾರೆ, ಎಷ್ಟೋ ಜನ ಈ ಕಾಯಿಲೆ ಇಟ್ಟುಕೊಂಡೇ ಮುದುಕರಾಗಿ ಬೇರೆ ಯಾವುದಕ್ಕೋ ಹೋಗುತ್ತಾರೆ, ಹೇಳಲು ಬರುವುದಿಲ್ಲ, ಹೇಗೂ ಬಂದಿದ್ದೀರಿ, ಸ್ಕ್ಯಾನ್ ಮಾಡಿಬಿಡೋಣ ಎಂದರು. ಸ್ಕ್ಯಾನ್ ಎಂಬ ಶಬ್ದ ಕೇಳಿದ್ದೇ ತಡ, ನಮ್ಮವರು ಬಾಗಿಲಾಚೆ ಇದ್ದರು. ಕಾಯಿಲೆ ಹಿಡಿದ ಹೃದಯ ಇಟ್ಟುಕೊಂಡು ಅಷ್ಟು ಚುರುಕಾಗಿ ನಡೆದದ್ದನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.

ಮನೆಗೆ ಬಂದು, ಎರಡಕ್ಕೂ ಆಗುವ ಹಾಗೆ ಕತ್ತರಿಸಿದರು. ಸಾಮಾನ್ಯವಾಗಿ ಕೋಟಿನ ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಡುತ್ತಾರೆ, ಮುಂದೆ ಮೈ ತುಂಬಿಕೊಂಡರೆ ಬಿಚ್ಚಿ ಹಿಗ್ಗಿಸಲಿ ಎಂದು. ಇವರು ಬಿಟ್ಟದ್ದು ನೋಡಿದರೆ ಆ ಕೋಟಿನೊಳಗೆ ಇನ್ನೊಬ್ಬನೂ ಸಂಸಾರ ಸಮೇತ ಇರಬಹುದಿತ್ತು. ಯಾರಿಗಾದರೂ ಯಮನ ಭಯವಿರುತ್ತದೆ, ಯಮ ಬಂದರೂ ಟ್ರಯಲ್‌ಗೆ ನಿಲ್ಲಿಸಿಕೊಳ್ಳುವ ಮನುಷ್ಯನನ್ನು ಕಟ್ಟಿಕೊಂಡವಳು ನಾನೊಬ್ಬಳೇ ಇರಬೇಕು.

ಕಚ್ಚಾ ಹೊಲಿಗೆ ಹಾಕಿ ತೊಟ್ಟು ನೋಡಿದರು. ಚೆನ್ನಾಗಿ ಕೂತಿತ್ತು. ಹೊಸ ಸಮಸ್ಯೆ ಹೊಳೆದದ್ದು ಆಗ. ಕೋಟು ನಿಂತವನ ಅಳತೆಗೆ ಇದೆ, ಆ ದಿನ ಇವರು ಮಲಗಿರುತ್ತಾರೆ. ಮಲಗಿದರೆ ಬೆನ್ನು ಚಪ್ಪಟೆಯಾಗುತ್ತದೆ, ಎದೆಯ ಮೇಲೆ ಬಟ್ಟೆ ಗುಪ್ಪೆಯಾಗುತ್ತದೆ, ಕಾಲರ್ ಕಿವಿಗೆ ಬರುತ್ತದೆ. ಹಾಗಾಗಿ ಕತ್ತರಿಸುವ ಮೇಜಿನ ಮೇಲೆ ತಾವೇ ಮಲಗಿದರು. ಸಮತಟ್ಟಾಗಿ ಮಲಗಿದರೆ ಉಸಿರು ಕಟ್ಟುವುದರಿಂದ ನಾನು ತಲೆಯಡಿಗೆ ಬಟ್ಟೆಯ ಸುರುಳಿ ಇಟ್ಟೆ. ಕಣ್ಣು ಮುಚ್ಚಿ, ಎರಡು ಕೈ ಪಕ್ಕಕ್ಕೆ ಇಟ್ಟುಕೊಂಡು, ಈಗ ಅಳೆ ಎಂದರು. ಹೆಂಡತಿಯಾದವಳಿಗೆ ಬರಬಾರದ ಕೆಲಸ ಅದು. ಟೇಪಿನ ಅಂಕಿ ಮಂಜಾಯಿತು, ಸಿಟ್ಟಿನಲ್ಲಿ ಕಣ್ಣು ಮೂಗು ಒರೆಸಿಕೊಂಡೆ.

ಸರಿಯಾಗಿ ಆಗಲೇ ಶಾಲೆಯ ಹೆಡ್‌ಮಾಸ್ಟರು ಒಳಗೆ ಬಂದರು. ಮೇಜಿನ ಮೇಲೆ ಸೂಟು ತೊಟ್ಟು ಕಣ್ಣು ಮುಚ್ಚಿ ಮಲಗಿದ ದರ್ಜಿ, ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತಿರುವ ಹೆಂಡತಿ. ಅವರು ಕೈಲಿದ್ದ ಕೊಡೆಯನ್ನು ಮೆಲ್ಲಗೆ ಗೋಡೆಗೊರಗಿಸಿ, ತಲೆ ತಗ್ಗಿಸಿ ನಿಂತರು. ಎಂಥ ಕೈ, ಎಂಥ ಕೆಲಸಗಾರ, ಯಾವಾಗ ಆಯಿತಮ್ಮ ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ, ಹೀಗೆ ಕೇಳುವುದು ತಪ್ಪು, ಆದರೂ ನನ್ನದೊಂದು ಪ್ಯಾಂಟು ಇವರ ಹತ್ತಿರ ಇತ್ತು ಎಂದು ಗಂಟಲು ಸರಿಮಾಡಿಕೊಂಡರು.

"ಶುಕ್ರವಾರ ಬನ್ನಿ," ಎಂದರು ನಮ್ಮವರು, ಕಣ್ಣು ತೆರೆಯದೆ.

ಹೆಡ್‌ಮಾಸ್ಟರು ಬೀದಿಗೆ ಹೇಗೆ ಹೋದರೋ ನಾನು ಕಾಣೆ, ಕೊಡೆ ಮಾತ್ರ ನಮ್ಮಲ್ಲೇ ಉಳಿಯಿತು. ಅವರ ಎದೆಗೆ ಏನಾದರೂ ಆಗಿದ್ದರೆ ಸ್ಕ್ಯಾನ್‌ಗೆ ಅವರನ್ನೇ ಕರೆದೊಯ್ಯಬೇಕಾಗುತ್ತಿತ್ತು.

ಮಲಗಿದವನ ಅಳತೆಗೆ ಕೋಟನ್ನು ಬಿಚ್ಚಿ ಮತ್ತೆ ಹೊಲಿದರು. ಒಂದು ಬೆಳಗ್ಗೆ ಕಾಲು ಕೊಂಚ ಊದಿದಂತೆ ಕಂಡಿತು, ಬಿಚ್ಚಿ ಹಿಗ್ಗಿಸಿದರು. ಮಾತ್ರೆಗೆ ನೀರು ಇಳಿದು ಸೊಂಟ ಸಡಿಲವಾಯಿತು, ಬಿಚ್ಚಿ ಕುಗ್ಗಿಸಿದರು. ಸೂಟು ಮುಗಿಯುವ ಮಾತೇ ಇಲ್ಲ. ಬೇಕೆಂದೇ ಮಾಡುತ್ತಿದ್ದಾರೆ ಎಂದು ಮೊದಲು ಅಂದುಕೊಂಡೆ. ಒಂದು ದಿನ ಪರದೆಯ ಸಂದಿಯಿಂದ ನೋಡಿದೆ. ಹೊಲಿಗೆ ಬಿಚ್ಚುತ್ತಾ ಬಿಚ್ಚುತ್ತಾ ನಡುವೆ ನಿಲ್ಲಿಸಿ, ಬೆರಳಿನಿಂದ ತಮ್ಮ ಮಣಿಕಟ್ಟಿನ ನಾಡಿ ಹಿಡಿದು, ತುಟಿ ಅಲುಗಿಸಿ ಎಣಿಸುತ್ತಿದ್ದರು. ಮುಖದಲ್ಲಿ ಅಂಥ ದಿಗಿಲು. ನಾಟಕ ಅಲ್ಲ ಅದು. ಈ ಮನುಷ್ಯ ನಿಜಕ್ಕೂ ಹೆದರಿದ್ದಾನೆ, ನಾನು ಇಷ್ಟು ದಿನ ಬೈದುಕೊಂಡೇ ಇದ್ದೆನಲ್ಲ ಎಂದು ಪರದೆ ಬಿಟ್ಟು ಹಿಂದೆ ಸರಿದೆ. ಮಲಗುವಾಗ ಒಂದು ದಿಂಬು ಸಾಕಾಗುತ್ತಿದ್ದವರಿಗೆ ಈಗ ಎರಡು ಬೇಕಾಗುತ್ತಿತ್ತು. ಅದನ್ನು ಇಬ್ಬರೂ ಗಮನಿಸಿದ್ದೆವು, ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಮಾರನೆಯ ದಿನ ರಾತ್ರಿ ಊಟವಾದ ಮೇಲೆ ಇವರು ಒರಗಿಕೊಂಡು ನಿದ್ದೆ ಹೋದಾಗ ನಾನು ಅಂಗಡಿಯ ಬಾಗಿಲು ಮುಚ್ಚಿ ಒಳಗೆ ಕೂತೆ. ಗೂಟದಿಂದ ಇವರು ದಿನವೂ ತೊಡುವ ಹಳೆಯ ಕೋಟು ತೆಗೆದು ಪಕ್ಕದಲ್ಲಿ ಹರಡಿಕೊಂಡೆ. ಮಲಗಿದವನ ಅಳತೆಯ ಸೂಟಿನ ಹೊಲಿಗೆ ಬಿಚ್ಚಿದೆ. ಕೈ ಎತ್ತಿ ಕಪಾಟಿನಿಂದ ಗಂಟು ಇಳಿಸುವವನಿಗೆ, ಬಸ್ಸಿನಲ್ಲಿ ಕಂಬಿ ಹಿಡಿಯುವವನಿಗೆ, ಕೂತು ಉಣ್ಣುವವನಿಗೆ ಎಲ್ಲಿ ಎಷ್ಟು ಸಡಿಲ ಬೇಕೋ ಅಷ್ಟು ಕೊಟ್ಟು ಕೂಡಿಸಿದೆ. ಇಷ್ಟು ವರ್ಷ ಆ ಮೈಯನ್ನು ನೋಡಿದವಳಿಗೆ ಟೇಪು ಬೇಕಾಗಲಿಲ್ಲ. ಆಮೇಲೆ ಅವರ ದೊಡ್ಡ ಕತ್ತರಿ ತೆಗೆದುಕೊಂಡೆ. ಆ ಕತ್ತರಿಯನ್ನು ನಾನು ಮುಟ್ಟಿದ್ದು ಅದೇ ಮೊದಲು. ಒಳಗೆ ಬಿಟ್ಟಿದ್ದ ಬಟ್ಟೆಯನ್ನೆಲ್ಲ, ಊದಿದರೆ ಇರಲಿ ಎಂದು ಮಡಚಿಟ್ಟಿದ್ದನ್ನೆಲ್ಲ, ಹೊಲಿಗೆಯ ಅಂಚಿನ ತನಕ ಕತ್ತರಿಸಿ ಹಾಕಿದೆ. ಕಾಜಾ ಮಾಡಿ ಗುಂಡಿ ಹಾಕಿ ಇಸ್ತ್ರಿ ಹೊಡೆಯುವಷ್ಟರಲ್ಲಿ ಬೆಳಗಾಗಿ, ಇವರು ಎದ್ದು ಬಂದರು.

ನೆಲದ ಮೇಲಿನ ಬೂದು ಚೂರುಗಳನ್ನು ನೋಡಿದರು. ಕೋಟನ್ನು ತಿರುವಿ ಒಳಮೈ ನೋಡಿದರು. ದರ್ಜಿಯ ಅಂಗಡಿಯಲ್ಲಿ ನಾನು ಮಾಡಿದ್ದು ಕೊಲೆಗೆ ಸಮ.

"ಒಳಗಿನ ಬಟ್ಟೆ ಎಲ್ಲಿ?"

"ಕತ್ತರಿಸಿದೆ."

"ನಾಳೆ ಊದಿದ್ರೆ?"

"ಊದಿದ್ರೆ ಹೊಸದು ಹೊಲ್ಕೊಳ್ಳಿ."

"ಬತ್ತಿದ್ರೆ?"

"ಅದಕ್ಕೂ ಹೊಸದು. ನೋಡಿ, ಇದು ನಿಮ್ಮ ಇವತ್ತಿನ ಅಳತೆ. ನಾಳೆಗೆ ಅಂತ ಎತ್ತಿಡೋಕೆ ಇದರಲ್ಲಿ ಒಂದು ಎಳೆ ಬಟ್ಟೆನೂ ಉಳ್ದಿಲ್ಲ."

ಕೂಗಾಡುತ್ತಾರೆ ಎಂದುಕೊಂಡಿದ್ದೆ, ಕೂಗಾಡಲಿಲ್ಲ. ಸ್ಟೂಲಿನ ಮೇಲೆ ಕೂತು ಚೂರುಗಳನ್ನು ಒಂದೊಂದಾಗಿ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ಎದ್ದು ಸೂಟು ತೊಟ್ಟರು. ಕೈ ಮೇಲೆತ್ತಿದರು, ಬಗ್ಗಿದರು, ಕೂತರು, ಎದ್ದರು. ಕನ್ನಡಿಯಲ್ಲಿ ಬಹಳ ಹೊತ್ತು ತಪ್ಪು ಹುಡುಕಿ, ಎಡ ತೋಳು ಅರ್ಧ ಇಂಚು ಉದ್ದ ಎಂದರು. ಎಡಗೈಯೇ ಗಿಡ್ಡ ಎಂದೆ. ಇಲ್ಲ ಎನ್ನಲಿಲ್ಲ. ಮುಗಿಯಿತಲ್ಲ, ನಾಳೆ ಹೊರಡಿ ಎಂದೆ. ಅದಕ್ಕೂ ಇಲ್ಲ ಎನ್ನಲಿಲ್ಲ.

ಆಸ್ಪತ್ರೆಗೆ ಅದೇ ಸೂಟು ತೊಟ್ಟು ಬಂದರು. ಅಲ್ಲೇ ಏನಾದರೂ ಆದರೆ ನೀನು ಮನೆಗೆ ಓಡಿ ತರುವ ಕಷ್ಟ ಬೇಡ ಎಂದು ವಿವರಣೆ. ಹೃದಯದವರ ಸಾಲಿನಲ್ಲಿ ಎಲ್ಲರೂ ಅಡ್ಡಾದಿಡ್ಡಿ ಬಟ್ಟೆಯಲ್ಲಿ ಕೂತಿದ್ದರೆ, ಇವರೊಬ್ಬರು ಮದುಮಗನ ಹಾಗೆ. ಪಕ್ಕದಲ್ಲಿದ್ದ ಒಬ್ಬ ದಪ್ಪ ಮುದುಕರು ಕೋಟಿನ ತುದಿ ಮುಟ್ಟಿ ನೋಡಿ, ಯಾವ ಕಾರ್ಯಕ್ಕೆ ಹೊಲಿಸಿದಿರಿ ಎಂದು ಕೇಳಿದರು. ಸಾಯುವುದಕ್ಕೆ ಎಂದರು ಇವರು, ಮುಚ್ಚುಮರೆಯಿಲ್ಲದೆ. ನಾನು ನೆಲ ಬಿರಿಯಬಾರದೇ ಎಂದುಕೊಂಡೆ. ಆ ಮುದುಕರಿಗೆ ಅದು ವಿಶೇಷ ಅನ್ನಿಸಲೇ ಇಲ್ಲ. ಒಳ್ಳೆಯ ಬಟ್ಟೆ, ನಾನು ಶೂ ತನಕ ಬಂದು ನಿಂತಿದ್ದೇನೆ, ಕಾಲು ಊದಿದಾಗ ಒಂದು ನಂಬರು, ಇಳಿದಾಗ ಒಂದು ನಂಬರು, ಯಾವುದನ್ನು ತೆಗೆದುಕೊಳ್ಳುವುದೋ ತಿಳಿಯುತ್ತಿಲ್ಲ ಎಂದರು. ಇಬ್ಬರೂ ತಲೆಗೆ ತಲೆ ಕೊಟ್ಟು ಕೂತರು. ಇಷ್ಟು ವರ್ಷದಲ್ಲಿ ಇವರು ತಮ್ಮ ಕಾಯಿಲೆಯ ಮಾತನ್ನು ನಗುತ್ತಾ ಆಡಿದ್ದು ನನಗೆ ಅಲ್ಲೇ ಮೊದಲು ಕೇಳಿಸಿತು. ಹೆಸರು ಕರೆದಾಗ ಮಾತು ಅರ್ಧಕ್ಕೆ ನಿಂತಿತೆಂದು ಇಬ್ಬರಿಗೂ ಬೇಜಾರು.

ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, ಭುಜದ ಹತ್ತಿರ ಮಡಚಬೇಡ, ಒಳಮೈ ಹೊರಗೆ ಮಾಡಿ ಹಿಡಿದುಕೋ ಎಂದರು. ಬಾಗಿಲು ಮುಚ್ಚಿದ ಮೇಲೆ ನಾನು ಆ ಕೋಟನ್ನು ಅಪ್ಪಿಕೊಂಡು ಕೂತೆ, ಮಡಚಿದೆನೋ ಮುದ್ದೆ ಮಾಡಿದೆನೋ ಗೊತ್ತಿಲ್ಲ.

ಡಾಕ್ಟರಮ್ಮ ಈ ಸಲದ ಚಿತ್ರವನ್ನೂ ಹೋದ ಸಲದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ನಾನು ಎರಡು ದಿಂಬಿನ ಮಾತನ್ನೂ ಹೇಳಿದೆ. ಹೃದಯ ಹೆಚ್ಚೂ ಕಡಿಮೆ ಹಾಗೇ ಇದೆ, ಸುಧಾರಿಸಿಲ್ಲ, ಕೆಟ್ಟೂ ಇಲ್ಲ, ಎರಡನೇ ದಿಂಬು ಬೇಕಾಗುತ್ತಿರುವುದು ಸೇರಿಕೊಂಡ ನೀರಿನಿಂದ, ಅದಕ್ಕೆ ಮಾತ್ರೆ ಬದಲಿಸುತ್ತೇನೆ, ಇನ್ನೊಂದು ತಿಂಗಳು ಬಿಟ್ಟು ಬಂದಿದ್ದರೆ ಆಸ್ಪತ್ರೆಗೆ ಸೇರಿಸಿಕೊಳ್ಳಬೇಕಾಗುತ್ತಿತ್ತು ಎಂದರು. ಮುಂದೆ ಹೇಗೆ ಎಂದು ಕೇಳಿದ್ದಕ್ಕೆ, ಮುಂದಿನದನ್ನು ನಾನೂ ಹೇಳಲಾರೆ, ಯಾರೂ ಹೇಳಲಾರರು ಎಂದು ನೇರವಾಗಿ ಹೇಳಿದರು. ಇಷ್ಟೇನಾ ಎಂಬಂತೆ ಇವರು ನನ್ನ ಮುಖ ನೋಡಿದರು. ಇಷ್ಟೆಲ್ಲ ಹೆದರಿದ್ದಕ್ಕೆ ಹೃದಯ ಸ್ವಲ್ಪವಾದರೂ ಮರ್ಯಾದೆ ಕೊಡಬೇಕಿತ್ತು ಎಂಬ ಮುನಿಸು ಆ ಮುಖದಲ್ಲಿತ್ತು.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವರು ಎರಡು ನಿಲ್ದಾಣ ದಾಟುವುದರೊಳಗೆ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆಹೋದರು. ಬಿಸಿಲು ಮುಖಕ್ಕೆ ಬೀಳುತ್ತಿತ್ತು. ನಾನು ಗೆದ್ದವಳ ಹಾಗೆ ಸುತ್ತಲೂ ನೋಡಿಕೊಂಡು ಬರುತ್ತಿದ್ದೆ. ಒಂದು ತಿರುವಿನಲ್ಲಿ ತಲೆ ಜಾರಿತು, ಇವರು ಏಳಲಿಲ್ಲ. ಎದೆಯ ಮೇಲಿನ ಗುಂಡಿ ಏರುತ್ತಿದೆಯೇ, ಇಳಿಯುತ್ತಿದೆಯೇ ಎಂದು ಬಗ್ಗಿ ನೋಡಿದೆ. ಬಸ್ಸು ಅಲುಗಾಡುತ್ತಿತ್ತು, ಗೊತ್ತಾಗಲಿಲ್ಲ. ದಿನಾ ಬೆಳಗ್ಗೆ ಇವರು ಏಳುವ ಮುಂಚೆ ನಾನು ಮಾಡುವುದು ಇದನ್ನೇ. ಹೊದಿಕೆ ಅಲುಗುವುದನ್ನು ನೋಡಿದ ಮೇಲೆಯೇ ಒಲೆ ಹಚ್ಚಲು ಹೋಗುವುದು. ಇದನ್ನು ಯಾರಿಗೂ ಹೇಳಿಲ್ಲ. ಹೆದರಿಕೆ ಇವರೊಬ್ಬರದೇ ಎಂಬಂತೆ ಬೈದುಕೊಂಡು ಓಡಾಡಿದ್ದೇನೆ. ಈಗ ನಡು ಮಧ್ಯಾಹ್ನ, ಜನರ ನಡುವೆ, ತಡೆಯಲಾಗದೆ ಕೋಟಿನೊಳಗೆ ಕೈಹಾಕಿ ಎದೆಯ ಮೇಲೆ ಅಂಗೈ ಒತ್ತಿದೆ.

"ಇದ್ದೀನಿ ಕಣೇ," ಎಂದರು, ಕಣ್ಣು ಮುಚ್ಚಿಕೊಂಡೇ. "ದಿನಾ ನೋಡ್ತೀಯಲ್ಲ, ನಂಗೊತ್ತು. ಕೈ ತೆಗಿ, ಕೋಟು ಮುದುಡುತ್ತೆ."

"ಮುದುಡಲಿ," ಎಂದೆ. "ಮನೇಲಿ ಇಸ್ತ್ರಿ ಪೆಟ್ಟಿಗೆ ಇದೆ."